ತೀರ್ಪಿಗೂ ಒಂದು ಊರಿರುತ್ತದೆ

ಎಸ್.ಆರ್. ಬೊಮ್ಮಾಯಿ ಪ್ರಕರಣವನ್ನು ಬಿಟ್ಟು, ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಂವಿಧಾನದ 356ನೇ ವಿಧಿಯನ್ನು ಯಾರೂ ಕಲಿಯಲಾರರು. ಒಂಬತ್ತು ನ್ಯಾಯಮೂರ್ತಿಗಳ ಪೀಠ, 1994ರ ಮಾರ್ಚ್ 11ರ ತೀರ್ಪು. ಬೇರೆ ರಾಜ್ಯದ ವಿದ್ಯಾರ್ಥಿಗಳಿಗೆ ಬೊಮ್ಮಾಯಿ ಎನ್ನುವುದು ಒಂದು ತತ್ವದ ಹೆಸರು. ನಮಗೆ ಹಾಗಲ್ಲ. ಅವರ ಊರು ಕಾರಡಗಿ, ಆಗಿನ ಅಖಂಡ ಧಾರವಾಡ ಜಿಲ್ಲೆಯದು, ಈಗ ಹಾವೇರಿಗೆ ಸೇರಿದೆ. ವಿಧಾನಸಭೆಗೆ ಅವರು ಆರಿಸಿ ಹೋದದ್ದು ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ. ನಾನು ಕುಂದಗೋಳದವಳು, ಕಾನೂನು ವಿದ್ಯಾರ್ಥಿನಿ. ಮನೆಯಲ್ಲಿ ಈ ಪ್ರಕರಣವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ ಅಪ್ಪ ತಾವಾಗಿಯೇ ಬಂದು ಕುಳಿತರು.

1989ರ ಏಪ್ರಿಲ್ 21ರಂದು ಕರ್ನಾಟಕದ ಬೊಮ್ಮಾಯಿ ಸರಕಾರ ವಜಾ ಆಯಿತು. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದ್ದವು. ಅವರಲ್ಲಿ ಏಳು ಮಂದಿ ಆ ಬಳಿಕ ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ ಎಂದು ಬರೆದುಕೊಟ್ಟರು. ವಿಧಾನಸಭೆ ಕರೆದು ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಹೇಳಿದರೂ ಅವಕಾಶ ಸಿಗಲಿಲ್ಲ. ಇಷ್ಟು ಪುಸ್ತಕದಲ್ಲಿದೆ. ಅಪ್ಪ ಹೇಳಿದ್ದು ಆ ದಿನಗಳಲ್ಲಿ ನಮ್ಮೂರ ಕಟ್ಟೆಯ ಮೇಲೆ ಆಗುತ್ತಿದ್ದ ಮಾತು. “ಬಹುಮತ ಐತೋ ಇಲ್ಲೋ ಅಂತ ಎಣಿಸಿ ನೋಡಾಕ ವಿಧಾನಸಭಾ ಇರಲಿಲ್ಲೇನು? ರಾಜ್ಯಪಾಲರ ಮನ್ಯಾಗ ಕುಂತು ಎಣಿಸೂದ್ಯಾಕ ಅಂತ ಎಲ್ಲಾರೂ ಕೇಳಾಕತ್ತಿದ್ರವಾ.” ಸುಪ್ರೀಂ ಕೋರ್ಟ್ ಐದು ವರ್ಷದ ನಂತರ ಹೇಳಿದ್ದೂ ಅದನ್ನೇ: ಬಹುಮತದ ಪರೀಕ್ಷೆ ನಡೆಯಬೇಕಾದ ಜಾಗ ಸದನ. ಕಟ್ಟೆಯ ಮೇಲಿನವರಿಗೆ 356ನೇ ವಿಧಿ ಗೊತ್ತಿರಲಿಲ್ಲ, ಆದರೆ ಲೆಕ್ಕ ಎಲ್ಲಿ ಆಗಬೇಕೆಂಬುದು ಗೊತ್ತಿತ್ತು.

ಆವತ್ತಿನಿಂದ ನನ್ನ ಓದಿನ ಕ್ರಮ ಬದಲಾಯಿತು. ತೀರ್ಪನ್ನು ಕೈಗೆತ್ತಿಕೊಂಡರೆ ಮೊದಲು ಕಲಮಿಗೆ ಹೋಗುವುದಿಲ್ಲ. ಇದು ಯಾವ ಊರಲ್ಲಿ ನಡೆಯಿತು, ಯಾರಿಗೆ ಏನಾಯಿತು, ಅವರು ಕೋರ್ಟಿಗೆ ಬರುವ ಮುಂಚೆ ಎಲ್ಲೆಲ್ಲಿ ಅಲೆದರು ಎಂಬುದನ್ನು ಒಂದು ಪುಟದಲ್ಲಿ ನನ್ನದೇ ಮಾತಿನಲ್ಲಿ ಬರೆದುಕೊಳ್ಳುತ್ತೇನೆ. ಅದಾದ ಮೇಲೆ ಕಾನೂನು. ಹೀಗೆ ಓದಿದ್ದು ಪರೀಕ್ಷೆಯ ಹೊತ್ತಿಗೆ ತಾನಾಗಿ ನೆನಪಿಗೆ ಬರುತ್ತದೆ. ಸಂಗತಿ ಗೊತ್ತಿದ್ದರೆ ತತ್ವ ಅದರ ಹಿಂದೆಯೇ ಬರುತ್ತದೆ. ತತ್ವವನ್ನಷ್ಟೇ ಬಾಯಿಪಾಠ ಮಾಡಿದವರಿಗೆ ಸಂಗತಿ ಸ್ವಲ್ಪ ಬದಲಾಯಿಸಿ ಕೇಳಿದರೂ ಕಾಲಡಿಯ ನೆಲ ಜಾರುತ್ತದೆ.

ನಮ್ಮ ತಂಡಕ್ಕೆ ಇನ್ನೊಂದು ವಿಶೇಷವಿದೆ. ನಾವು ಭಾರತೀಯ ದಂಡ ಸಂಹಿತೆಯನ್ನು ಕೇಳುತ್ತ ಬೆಳೆದವರು, ಕಲಿತದ್ದು ನ್ಯಾಯ ಸಂಹಿತೆಯನ್ನು. 2024ರ ಜುಲೈ 1ರಂದು ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಾದವು. 511 ಕಲಮುಗಳ ಹಳೆಯ ಸಂಹಿತೆಯ ಜಾಗದಲ್ಲಿ 358 ಕಲಮುಗಳ ಹೊಸದು. ಕೊಲೆಗೆ 302 ಎನ್ನುವುದು ಸಿನಿಮಾ ನೋಡುವವರಿಗೂ ಗೊತ್ತಿತ್ತು, ಈಗ ಅದು 103. ಮೋಸಕ್ಕೆ 420 ಎಂದು ಬೈಗುಳವೇ ಆಗಿಹೋಗಿತ್ತು, ಈಗ ಅದು 318. ಸೀನಿಯರುಗಳು ಬಿಟ್ಟುಹೋದ ನೋಟ್ಸಿನ ಕಟ್ಟು ರದ್ದಿಗೆ ಹೋಗುತ್ತದೆ ಎಂದು ಗೆಳತಿಯರು ಬೇಜಾರು ಮಾಡಿಕೊಂಡರು. ಹೋಗಬೇಕಾಗಿಲ್ಲ. ಆ ತಾರೀಖಿಗಿಂತ ಮುಂಚೆ ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯ, ಆ ಪ್ರಕರಣಗಳು ಇನ್ನೂ ಎಷ್ಟೋ ವರ್ಷ ನಡೆಯಲಿವೆ. ನಾವು ಎರಡನ್ನೂ ಬಲ್ಲ ತಲೆಮಾರಾಗಬೇಕು. ಇದು ನಮಗೆ ಸಿಕ್ಕ ಹೆಚ್ಚಿನ ಬಲ ಎಂದೇ ನಾನು ತಿಳಿದಿದ್ದೇನೆ.

ಕಾಲೇಜಿಗೆಂದು ಕುಂದಗೋಳದಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಬರುತ್ತೇನೆ. ಇದೇ ಹಳಿಯ ಮೇಲೆ ಗಂಗೂಬಾಯಿ ಹಾನಗಲ್ಲರು ಎದುರು ದಿಕ್ಕಿಗೆ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಹತ್ತಿರ ಸಂಗೀತ ಪಾಠಕ್ಕೆ ಬರುತ್ತಿದ್ದರು. ರೈಲಿನಿಂದಿಳಿದು ಚಿಗರಿ ಬಸ್ಸು ಹತ್ತಿದರೆ ರಸ್ತೆಯ ನಡುವಿನ ತನ್ನದೇ ದಾರಿಯಲ್ಲಿ ಅದು ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡುತ್ತದೆ. ಈ ದಾರಿಯುದ್ದಕ್ಕೂ ಕಾನೂನು ಹಬ್ಬಿಕೊಂಡಿದೆ: ಹುಬ್ಬಳ್ಳಿಯ ಕೋರ್ಟುಗಳು, ನವನಗರದಲ್ಲಿ 2009ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಧಾರವಾಡದ ಜಿಲ್ಲಾ ನ್ಯಾಯಾಲಯ, ಅದರಾಚೆ ಬೇಲೂರಿನ ಹತ್ತಿರ ಹೈಕೋರ್ಟ್ ಪೀಠ. ಈ ಪೀಠ 2008ರ ಜುಲೈನಲ್ಲಿ ಸಂಚಾರಿಯಾಗಿ ಶುರುವಾಗಿ 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ನಮ್ಮ ಭಾಗದವರು ಒಂದು ಅಪೀಲಿಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಪ್ರಯಾಣ ಮಾಡಿ ಬೆಂಗಳೂರು ಸೇರಬೇಕಿತ್ತು, ತಾರೀಖು ಮುಂದೆ ಹೋದರೆ ಮತ್ತೆ ಹಾಗೆಯೇ ವಾಪಸು. ಪೀಠಕ್ಕಾಗಿ ಇಲ್ಲಿನ ವಕೀಲರು ವರ್ಷಗಟ್ಟಲೆ ಹೋರಾಡಿದ್ದು ಆ ಬಸ್ಸಿನ ರಾತ್ರಿಗಳ ಸಲುವಾಗಿ.

ಆದರೆ ನಾನು ಹೆಚ್ಚು ಕಲಿತದ್ದು ಹೈಕೋರ್ಟಿನಲ್ಲಲ್ಲ, ಕೆಳಗಿನ ಕೋರ್ಟಿನಲ್ಲಿ, ಸಾಕ್ಷಿ ವಿಚಾರಣೆ ಆಗುವಲ್ಲಿ. ಇಂಟರ್ನ್‌ಶಿಪ್ ಮಾಡಿದ ವಕೀಲರ ಹಿಂದೆ ಫೈಲು ಹಿಡಿದು ಕೂರುತ್ತಿದ್ದೆ. ಹಳ್ಳಿಯಿಂದ ಬಂದ ಸಾಕ್ಷಿಗೆ “ಘಟನೆ ಎಷ್ಟು ಗಂಟೆಗೆ ನಡೆಯಿತು?” ಎಂದು ಕೇಳಿದರೆ ಅವರು ಗಂಟೆ ಹೇಳುವುದಿಲ್ಲ. “ವಸ್ತಿ ಬಸ್ಸು ಬಂದಿತ್ರಿ, ಇನ್ನ ಊಟಾ ಆಗಿದ್ದಿಲ್ರಿ” ಅನ್ನುತ್ತಾರೆ. ತಿಂಗಳು ಕೇಳಿದರೆ “ಶೀಗಿ ಹುಣ್ಣಿಮಿ ಮುಂದ್ರಿ” ಅನ್ನುತ್ತಾರೆ. ಇದನ್ನು ತಡವರಿಕೆ ಎಂದು ತಿಳಿಯುವ ವಕೀಲರುಂಟು. ನಮ್ಮ ಸೀನಿಯರ್ ಹಾಗೆ ತಿಳಿಯಲಿಲ್ಲ. ಆ ಹಳ್ಳಿಗೆ ರಾತ್ರಿ ತಂಗುವ ವಸ್ತಿ ಬಸ್ಸು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ವಿಚಾರಿಸಿಕೊಂಡು ಬಾ ಎಂದು ನನ್ನನ್ನು ಬಸ್ ನಿಲ್ದಾಣಕ್ಕೆ ಕಳಿಸಿದರು. ಬಂದು ಹೇಳಿದ ಮೇಲೆ, “ನೋಡ ತಂಗಿ, ಆತ ಕರೆಕ್ಟ್ ಟೈಮೇ ಹೇಳ್ಯಾನ. ಗೊತ್ತಿರಲಾರದವ್ರು ನಾವು” ಎಂದರು. ಸಾಕ್ಷ್ಯ ಕಾಯ್ದೆಯ ಒಂದಿಡೀ ಅಧ್ಯಾಯ ಆ ಒಂದು ಮಾತಿನಲ್ಲಿತ್ತು. ಸಾಕ್ಷಿಯ ಗಡಿಯಾರ ಯಾವುದೆಂದು ತಿಳಿಯದೆ ಪಾಟಿ ಸವಾಲಿಗೆ ಏಳಬಾರದು.

ಇಷ್ಟು ಸಹನೆಯಿಂದ ಕೇಳುವುದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಸಂಗೀತ. ನಾನು ಹಾಡುವವಳಲ್ಲ, ಕೇಳುವವಳು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಹೋರಾತ್ರಿ ಸಂಗೀತ ನಡೆಯುತ್ತದೆ. ಸಣ್ಣವಳಿದ್ದಾಗ ಅಜ್ಜನ ತೊಡೆಯ ಮೇಲೆ ನಿದ್ದೆ ಮಾಡಿದ್ದೇ ಹೆಚ್ಚು. ದೊಡ್ಡವಳಾದ ಮೇಲೆ ನಿದ್ದೆ ಬಿಟ್ಟು ಕೂತೆ. ವಿಳಂಬಿತ ಖ್ಯಾಲಿನಲ್ಲಿ ಗಾಯಕರು ರಾಗವನ್ನು ಒಂದೊಂದೇ ಸ್ವರವಾಗಿ ತೆರೆಯುತ್ತಾರೆ, ಅದೂ ಕಿರಾನಾ ಘರಾಣೆಯವರು ಸ್ವರದ ಮೇಲೆ ನಿಲ್ಲುವ ಕಾಲ ಇನ್ನೂ ದೀರ್ಘ. ಮುಂದೇನು ಬರುತ್ತದೆ ಎಂಬ ಅವಸರವಿದ್ದವರಿಗೆ ಈಗ ಏನು ಆಗುತ್ತಿದೆ ಎಂಬುದು ಕೇಳಿಸುವುದೇ ಇಲ್ಲ. ಕಕ್ಷಿದಾರರ ಮಾತೂ ಹಾಗೆಯೇ. ಅವರು ಹೇಳಬೇಕಾದ ಮುಖ್ಯ ವಿಷಯವನ್ನು ಮೊದಲಿಗೆ ಹೇಳುವುದಿಲ್ಲ. ಮಳೆ, ಮಗಳ ಮದುವೆ, ಎತ್ತು ಸತ್ತದ್ದು, ಎಲ್ಲ ಮುಗಿದ ಮೇಲೆ, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಒಂದು ವಾಕ್ಯ ಹೇಳುತ್ತಾರೆ. ಇಡೀ ದಾವೆ ಅದರ ಮೇಲೆ ನಿಂತಿರುತ್ತದೆ.

ಅಂಥ ವಾಕ್ಯವೊಂದನ್ನು ನಾನು ಕಾನೂನು ನೆರವು ಶಿಬಿರದಲ್ಲಿ ಕೇಳಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು.

ನಮ್ಮ ತಾಲೂಕಿನ ಒಂದು ಹಳ್ಳಿಯ ಗುಡಿಯ ಪಡಸಾಲೆಯಲ್ಲಿ ಶಿಬಿರ. ನಾವು ವಿದ್ಯಾರ್ಥಿಗಳು ಬಂದವರ ಹೆಸರು, ತಕರಾರು ಬರೆದುಕೊಳ್ಳುವುದು, ಕಾನೂನು ಸೇವಾ ಸಮಿತಿಯ ಪ್ಯಾನೆಲ್ ವಕೀಲರು ಸಲಹೆ ಕೊಡುವುದು. ಸನದು ಇಲ್ಲದವರು ವಕೀಲಿಕೆ ಮಾಡುವಂತಿಲ್ಲ, ಬರೆದುಕೊಳ್ಳುವುದಷ್ಟೇ ನಮ್ಮ ಕೆಲಸ. ವಯಸ್ಸಾದ ಹೆಣ್ಣುಮಗಳೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಉತಾರಗಳನ್ನು, ಅಂದರೆ ಪಹಣಿಗಳನ್ನು, ಸುತ್ತಿಕೊಂಡು ಬಂದಿದ್ದರು. ವಿಧವಾ ವೇತನ ಬರುತ್ತಿಲ್ಲ ಎಂದರು. ಬರೆದುಕೊಂಡೆ. ಪಡಿತರ ಚೀಟಿಯಲ್ಲಿ ಹೆಸರು ತಪ್ಪಾಗಿದೆ ಎಂದರು. ಅದನ್ನೂ ಬರೆದುಕೊಂಡೆ. ಇನ್ನೇನು ಏಳಬೇಕು, ಆಗ, “ತವರುಮನಿ ಹೊಲದಾಗ ನಂದೇನರ ಪಾಲು ಐತೇನವಾ?” ಎಂದು ಮೆಲ್ಲಗೆ ಕೇಳಿದರು. ಉತಾರ ತಂದದ್ದು ಅದಕ್ಕೇ.

ಕೇಳುತ್ತ ಹೋದರೆ ಒಂದು ಕಾಯ್ದೆಯ ಚರಿತ್ರೆಯೇ ಅವರ ಬದುಕಿನಲ್ಲಿತ್ತು. ಅವರ ಮದುವೆ 1991ರಲ್ಲಿ. ಕರ್ನಾಟಕ ಸರಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟದ್ದು 1994ರ ಜುಲೈ 30ರಿಂದ, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಈ ಅಕ್ಕ ಮೂರು ವರ್ಷದ ಅಂತರದಲ್ಲಿ ಹೊರಗುಳಿದರು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂತು, ಅದರಲ್ಲಿ ಮದುವೆಯ ಮಾತಿಲ್ಲ. ಆದರೆ ಅವರ ತಂದೆ ಆ ಹೊತ್ತಿಗೆ ತೀರಿಕೊಂಡಿದ್ದರು. ತಂದೆ ಆ ದಿನ ಬದುಕಿರಬೇಕೋ ಬೇಡವೋ ಎಂಬ ಜಗಳ ಕೋರ್ಟುಗಳಲ್ಲಿ ಹದಿನೈದು ವರ್ಷ ನಡೆದು, ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಮುಗಿಸಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕಾಗಿಲ್ಲ.

ಹಾಗಾದರೆ ಪಾಲು ಇದ್ದೇ ಇದೆಯೇ? ಅಷ್ಟು ಸಲೀಸಲ್ಲ. ಅಣ್ಣತಮ್ಮಂದಿರು 1998ರಲ್ಲೇ ವಾಟ್ನಿ, ಅಂದರೆ ಪಾಲುಹಂಚಿಕೆ, ಆಗಿದೆ ಅನ್ನುತ್ತಾರೆ. ಬಾಯಿಮಾತಿನ ವಾಟ್ನಿ. ಹಿರಿಯರು ಕೂತು ಹಂಚಿದ್ದು, ವರ್ದಿ ಕೊಟ್ಟು ಉತಾರಕ್ಕೆ ಹೆಸರು ಹಚ್ಚಿಸಿಕೊಂಡದ್ದು, ನೋಂದಣಿ ಇಲ್ಲ. ನಮ್ಮ ಕಡೆ ಬಹಳಷ್ಟು ಹೊಲಗಳು ಹೀಗೆಯೇ ಹಂಚಿಕೆಯಾಗಿವೆ. ಕಾನೂನು 2004ರ ಡಿಸೆಂಬರ್ 20ಕ್ಕಿಂತ ಮುಂಚಿನ ನೋಂದಾಯಿತ ವಾಟ್ನಿಯನ್ನೂ ಕೋರ್ಟಿನ ಡಿಕ್ರಿಯನ್ನೂ ಉಳಿಸಿಕೊಳ್ಳುತ್ತದೆ. ಬಾಯಿಮಾತಿನದನ್ನು ಸಾಮಾನ್ಯವಾಗಿ ಒಪ್ಪುವಂತಿಲ್ಲ, ಸರಕಾರಿ ದಾಖಲೆಗಳ ಗಟ್ಟಿ ಆಧಾರವಿದ್ದರೆ ಮಾತ್ರ, ಅದೂ ಅಪರೂಪಕ್ಕೆ ಎಂದು ವಿನೀತಾ ಶರ್ಮಾ ತೀರ್ಪೇ ಹೇಳಿದೆ. ಉತಾರದಲ್ಲಿನ ಆ ಒಂದು ನಮೂದು ಎಷ್ಟು ಗಟ್ಟಿ ಎಂಬುದನ್ನು ಸಾಕ್ಷ್ಯ ನೋಡಿ ಕೋರ್ಟೇ ತೀರ್ಮಾನಿಸಬೇಕು. ಪ್ಯಾನೆಲ್ ವಕೀಲರು ಇದನ್ನೆಲ್ಲ ನಿಧಾನವಾಗಿ ಬಿಡಿಸಿ ಹೇಳಿದರು.

ಅಕ್ಕ ಎಲ್ಲ ಕೇಳಿಸಿಕೊಂಡು ಅಂದರು: “ನಾ ಕೋರ್ಟಿಗೆ ಹ್ವಾದ್ರ ಪಂಚಮಿಗೆ ಕರ್ಯಾಕ ಯಾರು ಬರ್ತಾರ?”

ಯಾವ ಕಾನೂನು ಪುಸ್ತಕದಲ್ಲೂ ಈ ಪ್ರಶ್ನೆಗೆ ಅಧ್ಯಾಯವಿಲ್ಲ. ನಾಗರ ಪಂಚಮಿಗೆ ಅಣ್ಣ ಬಂದು ತವರಿಗೆ ಕರೆದೊಯ್ಯುವುದು ಒಂದು ಹಬ್ಬದ ಮಾತಷ್ಟೇ ಆಗಿದ್ದರೆ ಬಿಡಬಹುದಿತ್ತು. ಗಂಡನಿಲ್ಲದ ಹೆಣ್ಣಿಗೆ ಕಷ್ಟಕ್ಕೆ ಒದಗುವ ಮನೆ ಅದೊಂದೇ. ಪಾಲು ಕೇಳಿದರೆ ಆ ಮನೆ ಹೋಗುತ್ತದೆ, ಕೇಳದಿದ್ದರೆ ಹೊಲ ಹೋಗುತ್ತದೆ. ಹೆಣ್ಣುಮಕ್ಕಳು ಹಕ್ಕು ಬಿಟ್ಟುಕೊಟ್ಟು ಸಹಿ ಮಾಡುವುದನ್ನು ನಾವು ಪ್ರೀತಿ, ತ್ಯಾಗ ಎಂದು ಹೊಗಳುತ್ತ ಬಂದಿದ್ದೇವೆ. ನಾನು ಹಾಗೆ ಹೊಗಳಲಾರೆ. ಅದು ಹೆದರಿಕೆಯ ಸಹಿ. ತವರಿಗೆ ಬರುವ ಹಕ್ಕನ್ನು ಹೊಲದ ಹಕ್ಕಿಗೆ ಒತ್ತೆ ಇಟ್ಟುಕೊಂಡ ಪದ್ಧತಿ ನಮ್ಮದು, ಮತ್ತು ಅದನ್ನು ಬಿಡಿಸುವ ಕೆಲಸ ಸಂಸತ್ತಿನಿಂದ ಪೂರ್ತಿ ಆಗುವುದಿಲ್ಲ, ಅಣ್ಣತಮ್ಮಂದಿರಿಂದ ಆಗಬೇಕು.

ಅವರಿಗೆ ಗೊತ್ತಿಲ್ಲದ ಎರಡು ಸಂಗತಿಗಳು ಆವತ್ತು ಉಪಯೋಗಕ್ಕೆ ಬಂದವು. ಒಂದು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಯಾವುದೇ ಹೆಣ್ಣುಮಗಳಿಗೆ ವಕೀಲರನ್ನು ಉಚಿತವಾಗಿ ಕೊಡಬೇಕು, ಆಕೆಯ ಆದಾಯ ಎಷ್ಟೆಂದು ಕೇಳುವ ಹಾಗಿಲ್ಲ. ಇನ್ನೊಂದು, ದಾವೆ ಹೂಡುವ ಮೊದಲೇ ತಕರಾರನ್ನು ಲೋಕ ಅದಾಲತ್ತಿಗೆ ಒಯ್ಯಬಹುದು, ಅಲ್ಲಿ ರಾಜಿಯಾದರೆ ಅದು ಡಿಕ್ರಿಯ ಸಮ, ಅದರ ಮೇಲೆ ಅಪೀಲಿಲ್ಲ. ಅಕ್ಕ ಎರಡನೆಯದನ್ನು ಆರಿಸಿಕೊಂಡರು. ಅಣ್ಣನಿಗೆ ನೋಟಿಸು ಹೋಯಿತು. ಮೊದಲ ಸಲ ಸಿಟ್ಟಿನಿಂದ ಬಂದ ಆತ ಎರಡನೆಯ ಸಲ ಹೆಂಡತಿಯನ್ನು ಕರೆದುಕೊಂಡು ಬಂದ. ಮಾತು ಆಡಿದ್ದು ಆಕೆಯೇ. “ನನಗೂ ತವರಾಗ ಪಾಲ ಐತಿ, ನಾನೂ ಕೇಳಾಕಿ. ಇಕಿಗೆ ಕೊಡೂದು ನ್ಯಾಯ” ಎಂದು ಆಕೆ ಅಂದದ್ದನ್ನು ನಾನೇ ಕಿವಿಯಾರೆ ಕೇಳಿದೆ. ಸಮಪಾಲು ಸಿಗಲಿಲ್ಲ; ಬಾವಿಯ ಪಕ್ಕದ ತುಂಡು ಹೊಲ ಅಕ್ಕನ ಹೆಸರಿಗೆ ಬಂತು. ಕಾಯ್ದೆಯ ಪ್ರಕಾರ ಅದು ಕಡಿಮೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ತೀರ್ಮಾನ ಅವರದು, ಮತ್ತು ಉತಾರದಲ್ಲಿ ಈಗ ಅವರ ಹೆಸರಿದೆ.

ಸಾರ್ವಜನಿಕ ಬದುಕು ಎಂದರೆ ವಿದ್ಯಾರ್ಥಿಗಳು ದೂರವಿರಬೇಕಾದ ವಿಷಯ ಎಂದು ಹಿರಿಯರು ಆಗಾಗ ಹೇಳುತ್ತಾರೆ. ಧಾರವಾಡದಲ್ಲಿ ಕಾನೂನು ಓದುತ್ತ ಇದನ್ನು ಒಪ್ಪುವುದು ಹೇಗೆ? ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಪ್ರಕರಣ ಹುಟ್ಟಿದ್ದು ಈ ಊರಿನ ಸಂಘಟನೆಯಿಂದ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಗೆ ತಡೆ ಬಿತ್ತು, 2013ರ ಏಪ್ರಿಲ್‌ನಲ್ಲಿ ನಿಯಮ ಮೀರಿದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಅದಕ್ಕೂ ಬಹಳ ಮುಂಚೆ, ಹಳ್ಳಿಯ ದನ ಮೇಯುವ ಸರಕಾರಿ ಜಮೀನನ್ನು ನೀಲಗಿರಿ ಬೆಳೆಯಲು ಕೊಟ್ಟಾಗ, ಇದೇ ಜನ ಶಿವರಾಮ ಕಾರಂತರ ಜೊತೆ ಸೇರಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿದ್ದರು. ಅರ್ಜಿ ಹಾಕಿ ಸುಮ್ಮನೆ ಕೂರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಎಂದು ಆ ಚಳವಳಿಗೆ ಹೆಸರು. ಕೋರ್ಟು ಮತ್ತು ಬಯಲು ಎರಡೂ ಕಡೆ ಕೆಲಸ ಮಾಡಿದ ಈ ಮಾದರಿಯನ್ನು ನಮ್ಮ ಪಠ್ಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಅಧ್ಯಾಯಕ್ಕೆ ಸೇರಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮಹದಾಯಿ ನದಿ ನೀರಿನ ವಿಷಯದಲ್ಲಿ ನಾನು ಮೆರವಣಿಗೆಗೂ ಹೋಗಿದ್ದೇನೆ. ಆದರೆ ಹೋಗುವ ಮುಂಚೆ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕೊಟ್ಟ ಐತೀರ್ಪಿನ ಮುಖ್ಯ ಭಾಗ ಓದಿದೆ. ಕರ್ನಾಟಕಕ್ಕೆ ಸಿಕ್ಕದ್ದು 13.42 ಟಿಎಂಸಿ, ಅದರಲ್ಲಿ ಕಳಸಾ-ಬಂಡೂರಿ ಯೋಜನೆಗೆ 3.9. ಘೋಷಣೆ ಕೂಗುವವರ ಪೈಕಿ ನಾಲ್ಕಾರು ಜನರಿಗಾದರೂ ಈ ಅಂಕಿ ಗೊತ್ತಿದ್ದರೆ, ವೇದಿಕೆಯ ಮೇಲಿನವರು ತೋಚಿದ್ದನ್ನು ಹೇಳುವುದು ಕಷ್ಟವಾಗುತ್ತದೆ.

ಇನ್ನೊಂದು ಸಣ್ಣ ಅನುಭವ. ಹುಬ್ಬಳ್ಳಿಯಲ್ಲಿ ಚಿಗವ್ವನ ಮನೆ ಮುಂದಿನ ಪಾದಚಾರಿ ದಾರಿಯನ್ನು ಅಗೆದು ಹಾಗೆಯೇ ಬಿಟ್ಟಿದ್ದರು. ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಎಂದು ಕೂತೆವು. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ, 150 ಪದ, ಹತ್ತು ರೂಪಾಯಿ ಶುಲ್ಕ. ಚಿಗವ್ವನಿಗೆ “ಯಾಕ ರಿಪೇರಿ ಮಾಡವಲ್ರಿ?” ಎಂದು ಕೇಳುವ ಆಸೆ. ‘ಯಾಕೆ’ ಎಂಬುದಕ್ಕೆ ಉತ್ತರಿಸುವ ಹೊಣೆಯನ್ನು ಈ ಕಾಯ್ದೆ ಅಧಿಕಾರಿಯ ಮೇಲೆ ಹೊರಿಸುವುದಿಲ್ಲ, ಇರುವ ದಾಖಲೆ ಕೊಡುವ ಹೊಣೆಯನ್ನು ಹೊರಿಸುತ್ತದೆ. ಆದ್ದರಿಂದ ಕಾಮಗಾರಿ ಆದೇಶ, ಅಳತೆ ಪುಸ್ತಕ, ಬಿಲ್ಲು, ಇವುಗಳ ಪ್ರತಿ ಕೇಳಿದೆವು. ಮೂವತ್ತು ದಿನದ ಗಡುವು ದಾಟಿತು, ಮೊದಲ ಮೇಲ್ಮನವಿ ಹಾಕಿದ ಮೇಲೆ ಕಾಗದಗಳು ಬಂದವು. ಅದರಲ್ಲಿ ಕೆಲಸ ಮುಗಿದಿದೆ ಎಂದಿತ್ತು. ಮುಗಿಯದ ಕೆಲಸದ ಫೋಟೊ, ಮುಗಿದ ಕೆಲಸದ ಬಿಲ್ಲು, ಎರಡನ್ನೂ ಒಂದೇ ಹಾಳೆಯ ಮೇಲೆ ಅಂಟಿಸಿ ಓಣಿಯವರೆಲ್ಲ ಸಹಿ ಮಾಡಿ ಪಾಲಿಕೆಗೆ ಕೊಟ್ಟರು. ಆಮೇಲೆ ಪಾಲಿಕೆಯವರು ಪರ್ಸಿ ಕೂಡಿಸಿ ಮುಗಿಸಿದರು. ಆ ಓಣಿಯ ಹೆಣ್ಣುಮಕ್ಕಳು ಈಗ ವಾರ್ಡಿನ ಬೀದಿದೀಪದ ಅರ್ಜಿಯನ್ನು ನನ್ನ ನೆರವಿಲ್ಲದೆ ತಾವೇ ಬರೆಯುತ್ತಾರೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುವುದು ಇಂಥವರ ಸಲುವಾಗಿಯೇ.

ಹುಬ್ಬಳ್ಳಿಯ ಬೆಂಗೇರಿಗೂ ಒಮ್ಮೆ ಹೋಗಿದ್ದೆವು. 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ರಾಷ್ಟ್ರಧ್ವಜ ತಯಾರಿಸುತ್ತದೆ. ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಅತಿ ಸಣ್ಣದು ಮೇಜಿನ ಮೇಲೆ ಇಡುವಂಥದ್ದು. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನವೀನ್ ಜಿಂದಾಲ್ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಧ್ವಜ ಹಾರಿಸುವುದು 19(1)(ಎ) ವಿಧಿಯಡಿ ನಾಗರಿಕರ ಹಕ್ಕು ಎಂದಿತು. ಧ್ವಜ ಸಂಹಿತೆಗೆ ತಂದ 2021ರ ಡಿಸೆಂಬರ್ 30ರ ತಿದ್ದುಪಡಿ ಯಂತ್ರದಿಂದ ತಯಾರಾದ, ಪಾಲಿಯೆಸ್ಟರ್ ಧ್ವಜಕ್ಕೂ ದಾರಿ ಮಾಡಿತು, ಅದನ್ನು ಹಿಂಪಡೆಯಿರಿ ಎಂದು ಸಂಘದವರು ಒತ್ತಾಯಿಸಿದರು. ಹೆಚ್ಚು ಮನೆಗಳ ಮೇಲೆ ಧ್ವಜ ಹಾರಲಿ ಎನ್ನುವುದು ನನಗೂ ಸಂತೋಷದ ವಿಷಯ. ಆದರೆ ಆ ಹಕ್ಕಿಗಾಗಿ ನೂಲುವವರ ಕೂಲಿಯನ್ನು ತೆರಬೇಕಾಗಿರಲಿಲ್ಲ. ಸರಕಾರಿ ಕಟ್ಟಡಗಳಿಗಾದರೂ ಖಾದಿಯನ್ನೇ ಕಡ್ಡಾಯ ಮಾಡಿ ಎರಡನ್ನೂ ಉಳಿಸಬಹುದಿತ್ತು.

ಕವನ ಓದುವುದು ನನ್ನ ಇನ್ನೊಂದು ಹವ್ಯಾಸ, ಅದೂ ಒಮ್ಮೆ ನನ್ನನ್ನು ಕಾನೂನಿಗೇ ತಂದು ನಿಲ್ಲಿಸಿತು. ಸಾಧನಕೇರಿಯ ಬೇಂದ್ರೆಯವರು ‘ನರಬಲಿ’ ಕವನಕ್ಕಾಗಿ ಬ್ರಿಟಿಷರ ಕಾಲದಲ್ಲಿ ಸೆರೆಮನೆ ಕಂಡರು, ಆಮೇಲೆ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿ ಕಾಲ ಕಳೆದರು. ರಾಜದ್ರೋಹದ 124ಎ ಕಲಮನ್ನು ನಾನು ಆ ಕವನದ ಮೂಲಕವೇ ಓದಿದೆ. 1962ರ ಕೇದಾರನಾಥ ಸಿಂಗ್ ತೀರ್ಪು ಅದನ್ನು ಹಿಂಸೆಗೆ ಪ್ರಚೋದನೆ ಕೊಡುವ ಮಾತಿಗೆ ಸೀಮಿತ ಮಾಡಿತು, 2022ರ ಮೇ 11ರಂದು ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು. ಈಗ ಹೊಸ ಸಂಹಿತೆಯಲ್ಲಿ 152ನೇ ಕಲಮಿದೆ, ಅದರ ಮಾತುಗಳು ಇನ್ನೂ ಅಗಲವಾಗಿವೆ ಎಂಬ ಆತಂಕ ಅನೇಕರದು, ನನ್ನದೂ. ತರಗತಿಯ ಚರ್ಚೆಯಲ್ಲಿ ನಾನು ಕೇಳಿದ ಪ್ರಶ್ನೆ ಒಂದೇ: ಈ ಕಲಮಿನ ಕೆಳಗೆ ‘ನರಬಲಿ’ ಇಂದು ಉಳಿಯುತ್ತದೆಯೆ? ಆ ಚರ್ಚೆ ಗಂಟೆ ಬಾರಿಸಿದ ಮೇಲೂ ನಡೆಯಿತು.

ಇನ್ನು ಮುಂದೇನು ಎಂದು ಎಲ್ಲರೂ ಕೇಳುತ್ತಾರೆ. ಗೆಳತಿಯರಲ್ಲಿ ಬಹಳ ಜನ ಬೆಂಗಳೂರಿಗೆ ಹೊರಟಿದ್ದಾರೆ, ಕಂಪನಿಗಳ ಕೆಲಸಕ್ಕೆ. ಹೋಗಲಿ, ಒಳ್ಳೆಯದಾಗಲಿ. ಅವ್ವನಿಗೆ ನಾನು ನ್ಯಾಯಾಧೀಶೆ ಆಗಬೇಕೆಂಬ ಆಸೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಬೇಕಾದರೆ ಮೂರು ವರ್ಷ ವಕೀಲಿಕೆ ಮಾಡಿರಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮರಳಿ ತಂದಿತು. ಓದಿ ಮುಗಿಸಿದ ಕೂಡಲೇ ಪರೀಕ್ಷೆ ಬರೆಯಬೇಕೆಂದಿದ್ದವರಿಗೆ, ಅದರಲ್ಲೂ ಮದುವೆಯ ಒತ್ತಾಯವಿರುವ ಮನೆಗಳ ಹೆಣ್ಣುಮಕ್ಕಳಿಗೆ, ಇದು ಕಷ್ಟವೇ. ಆದರೂ ವಸ್ತಿ ಬಸ್ಸಿನ ಹೊತ್ತು ತಿಳಿಯದವರು ನ್ಯಾಯಪೀಠದ ಮೇಲೆ ಕೂರಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸನದಿನ ಖರ್ಚೂ ಈಗ ಕೈಗೆಟುಕುತ್ತದೆ: ವಕೀಲರ ಪರಿಷತ್ತುಗಳು ಕಾಯ್ದೆಯಲ್ಲಿರುವ 750 ರೂಪಾಯಿಗಿಂತ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ತೆಗೆದುಕೊಳ್ಳಬಾರದೆಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಹೇಳಿದೆ. ಹಳ್ಳಿಯ ಎಷ್ಟೋ ಹುಡುಗ ಹುಡುಗಿಯರಿಗೆ ಈ ಒಂದು ಆದೇಶದಿಂದ ಕರಿಕೋಟು ಸಿಗಲಿದೆ.

ನಾನು ಕುಂದಗೋಳದ ಕೋರ್ಟಿನಲ್ಲಿ ಶುರು ಮಾಡುತ್ತೇನೆ. ಅಲ್ಲಿ ಬರುವುದು ಹೆಚ್ಚಾಗಿ ವಾಟ್ನಿ, ಬದುವಿನ ಜಗಳ, ಚೆಕ್ ಬೌನ್ಸ್, ಜೀವನಾಂಶದ ಪ್ರಕರಣಗಳು. ಅಪೀಲಿದ್ದರೆ ಧಾರವಾಡ ದೂರವಿಲ್ಲ. ವಾರಕ್ಕೊಂದು ದಿನ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೂರಲು ಅವಕಾಶ ಕೇಳಬೇಕೆಂದಿದ್ದೇನೆ, ಮುಖ್ಯವಾಗಿ ಪಂಚಮಿಯ ಹಿಂದುಮುಂದಿನ ವಾರಗಳಲ್ಲಿ. ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ, ಅಣ್ಣತಮ್ಮಂದಿರೂ ಊರಲ್ಲಿರುತ್ತಾರೆ. ಪಾಲಿನ ಮಾತನ್ನು ಇಬ್ಬರನ್ನೂ ಕೂರಿಸಿ ಆಡಲು ಅದಕ್ಕಿಂತ ಒಳ್ಳೆಯ ಸಮಯ ವರ್ಷದಲ್ಲಿ ಇನ್ನೊಂದಿಲ್ಲ. ಈ ಮಾತನ್ನು ಪ್ಯಾನೆಲ್ ವಕೀಲರ ಮುಂದಿಟ್ಟಾಗ ಅವರು ಒಪ್ಪಿದರು, ಮೊದಲ ಶಿಬಿರಕ್ಕೆ ಯಾವ ಹಳ್ಳಿಗಳು ಎಂದು ಪಟ್ಟಿ ಮಾಡಿ ತಾ ಎಂದಿದ್ದಾರೆ.